ಮಾತಿನ ಮೇಡಂ

ಮನಸ್ಸಿಗೆ ಚಿಕಿತ್ಸೆ ಕೊಡುವವರೆಂದರೆ ಮೆಲುದನಿಯವರು, ತಾಳ್ಮೆಯವರು, ಯಾರು ಏನೆಂದರೂ ಮುಗುಳ್ನಗುವವರು ಎಂದು ನಾನು ತಿಳಿದಿದ್ದೆ. ನಮ್ಮ ಮೇಡಂ ಹಾಗಿರಲಿಲ್ಲ. ಅವರ ದನಿ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಕೃಷ್ಣಗಿರಿ ಬಸ್ಸಿಗೆ ಜನರನ್ನು ಕೂಗಿ ಕರೆಯುವ ಕಂಡಕ್ಟರನ ದನಿಯಂತಿತ್ತು. ಕೋಪ ಬೇಗ ಬರುತ್ತಿತ್ತು. ಹೋಗುವುದಕ್ಕೆ ಮಾತ್ರ ಹೊತ್ತು ಹಿಡಿಯುತ್ತಿತ್ತು. ಟೀ ಆರಿದ್ದರೆ ಕ್ಯಾಂಟೀನಿನವನಿಗೆ ಬೈಗುಳ, ಫ್ಯಾನು ಕಿರುಗುಟ್ಟಿದರೆ ಫ್ಯಾನಿಗೇ ಬೈಗುಳ. ಬೈಯುವುದು ತಮಿಳಿನಲ್ಲಿ, ತಮ್ಮಷ್ಟಕ್ಕೆ ಗೊಣಗುವುದು ತೆಲುಗಿನಲ್ಲಿ, ನಮ್ಮ ಕಡೆಯ ಹಳ್ಳಿಯವರ ಮಾತು ಕೇಳಿಸಿಕೊಳ್ಳುವುದು ಕನ್ನಡದಲ್ಲಿ. ಹಾಗೆ ಕೇಳಿಸಿಕೊಳ್ಳುವಾಗ ಆ ದೊಡ್ಡ ದನಿ ಎಲ್ಲಿ ಅಡಗುತ್ತಿತ್ತೋ ಗೊತ್ತಾಗುತ್ತಿರಲಿಲ್ಲ.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಮುನಿರತ್ನಮ್ಮನ ಫೋನಿನಲ್ಲಿ ಬಂತು. ಮುನಿರತ್ನಮ್ಮ ನನಗೆ ಬಂಧುವಲ್ಲ, ಜೊತೆಗೆ ಕೆಲಸ ಮಾಡಿದವಳೂ ಅಲ್ಲ. ಹಿಂದೆ ಮೇಡಂ ಮತ್ತು ನಾನು ಸೇರಿ ನೋಡಿದ ರೋಗಿ. ತೊರಪಲ್ಲಿ ಅಗ್ರಹಾರದ ಹತ್ತಿರದ ಹಳ್ಳಿಯವಳು.

"ನಮ್ ಮಾತಿನ್ ಮೇಡಮ್ಮು ಹೋಗ್ಬುಟ್ರಂತೆ ಕಣಮ್ಮಾ" ಎಂದಳು. "ಹಬ್ಬಕ್ಕೆ ಮಾತಾಡ್ಸಾನ ಅಂತ ಪೋನ್ ಮಾಡ್ದೆ. ಅವ್ರ ಅಕ್ಕ ಎತ್ತುದ್ರು. ಬೆಳಿಗ್ಗೆ ಬಾಗ್ಲಿಗೆ ನೀರಾಕ್ತಾ ಇದ್ರಂತೆ, ಹಂಗೇ ಕುಸ್ದು ಕುಂತ್ಬುಟ್ರಂತೆ."

ಆಗ ನಾನು ನನ್ನ ಕ್ಲಿನಿಕ್ಕಿನಲ್ಲಿ ಒಬ್ಬ ಮುದುಕರ ಮೊಣಕಾಲು ಬಗ್ಗಿಸುತ್ತಿದ್ದೆ. ಫೋನಿಟ್ಟು ಮತ್ತೆ ಬಗ್ಗಿಸಿದೆ. ಮುದುಕರು ಮನೆಗೆ ಹೋದ ಮೇಲೆ ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ನಾನು ಫಿಸಿಯೋಥೆರಪಿಸ್ಟ್. ಹುಟ್ಟಿದ್ದು ಕೆಲಮಂಗಲದಲ್ಲಿ. ಓದು ಮುಗಿಸಿದ ಮೇಲೆ ಹೊಸೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ನನಗೆ ಕೊಟ್ಟ ಕೋಣೆ ನೆಲಮಹಡಿಯಲ್ಲಿ, ಔಷಧಿ ಅಂಗಡಿಯ ಪಕ್ಕ ಇತ್ತು. ಎರಡು ಮಂಚ, ಗೋಡೆಗೆ ಸಿಕ್ಕಿಸಿದ ರಾಟೆ, ಮೇಣ ಕಾಯಿಸುವ ತೊಟ್ಟಿ, ನೋವಿಗೆ ಕರೆಂಟು ಕೊಡುವ ಒಂದು ಯಂತ್ರ. ಮುರಿದ ಕೈ ಕೂಡಿದ ಮೇಲೆ ಬಿಗಿದುಕೊಂಡಿದ್ದರೆ ಬಿಡಿಸುವುದು, ಪಾರ್ಶ್ವವಾಯು ಹೊಡೆದವರನ್ನು ನಡೆಸುವುದು, ಫ್ಯಾಕ್ಟರಿಯಲ್ಲಿ ಭಾರ ಎತ್ತಿ ಸೊಂಟ ಹಿಡಿಸಿಕೊಂಡವರನ್ನು ನೇರ ಮಾಡುವುದು, ಇವೆಲ್ಲ ನನಗೆ ಬರುತ್ತಿದ್ದವು. ಬಾರದೇ ಇದ್ದದ್ದು ಇನ್ನೊಂದು ಬಗೆಯವರನ್ನು ನೋಡುವುದು. ಅವರಿಗೆ ಮೈಯೆಲ್ಲ ನೋವು. ಇವತ್ತು ಭುಜ, ನಾಳೆ ತೊಡೆ, ನಾಡಿದ್ದು ಎರಡೂ. ನಿದ್ದೆ ಮಾಡಿ ಎದ್ದರೂ ಸುಸ್ತು. ರಕ್ತ ನೋಡಿದರೆ ಸರಿ, ಎಕ್ಸ್‌ರೇ ಫಿಲ್ಮ್ ತೆಗೆಸಿದರೆ ಸರಿ. ಊರೂರಿನ ಡಾಕ್ಟರುಗಳು ‘ಏನೂ ಇಲ್ಲ’ ಎಂದು ಹೇಳಿ ಕಳಿಸಿದವರೆಲ್ಲ ಕೊನೆಗೆ ನನ್ನ ಮಂಚಕ್ಕೆ ಬರುತ್ತಿದ್ದರು. ನಮ್ಮ ಆಸ್ಪತ್ರೆಯ ಹಿರಿಯ ಡಾಕ್ಟರು ಅವರ ಚೀಟಿಯಲ್ಲಿ ‘ಫೈಬ್ರೊಮಯಾಲ್ಜಿಯ’ ಎಂದು ಬರೆಯುತ್ತಿದ್ದರು. ನಾನು ಬಿಸಿ ಕೊಡುತ್ತಿದ್ದೆ, ಕರೆಂಟು ಕೊಡುತ್ತಿದ್ದೆ. ಸಂಜೆಗೆ ಹಿತವಾಗುತ್ತಿತ್ತು, ಬೆಳಿಗ್ಗೆಗೆ ಅದೇ ನೋವು.

ಆ ಡಾಕ್ಟರೇ ಮೇಡಂ ಅವರನ್ನು ಕರೆಸಿದ್ದು. ಇಂಥ ನೋವಿಗೆ ಮೈ ಮತ್ತು ಮನಸ್ಸು ಎರಡನ್ನೂ ಜೊತೆಗೆ ನೋಡಬೇಕು, ಒಂದನ್ನು ಬಿಟ್ಟು ಒಂದು ನಡೆಯುವುದಿಲ್ಲ ಎಂದು ಅವರ ಅಭಿಪ್ರಾಯ. ಮೇಡಂ ಸೈಕಾಲಜಿ ಓದಿದವರು, ಕೃಷ್ಣಗಿರಿಯ ಕಡೆಯ ತೆಲುಗು ಮನೆತನದವರು. ವಯಸ್ಸು ಐವತ್ತು ದಾಟಿತ್ತು. ಎತ್ತರದ ಆಳು, ಕಾಟನ್ ಸೀರೆ, ಕಾಲಿಗೆ ಓಟದವರು ಹಾಕುವಂಥ ಬಿಳಿ ಬೂಟು. ಮೇಲಿನ ಮಹಡಿಯಲ್ಲಿ ಅವರಿಗೊಂದು ಕೋಣೆ ಕೊಟ್ಟು, ಬಾಗಿಲಿಗೆ ‘ಮನೋವಿಜ್ಞಾನ ವಿಭಾಗ’ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬೋರ್ಡು ಹಾಕಿದರು. ಯಾರೂ ಮೆಟ್ಟಿಲು ಹತ್ತಲಿಲ್ಲ. ಡಾಕ್ಟರು ಬರೆದು ಕಳಿಸಿದವರು ಮೆಟ್ಟಿಲ ಬುಡದವರೆಗೆ ಹೋಗಿ, ಬೋರ್ಡು ಏನೆಂದು ಯಾರನ್ನಾದರೂ ಕೇಳಿಕೊಂಡು, ಅಲ್ಲಿಂದಲೇ ಊರಿನ ಬಸ್ಸು ಹತ್ತುತ್ತಿದ್ದರು.

ಒಂದು ಬೆಳಿಗ್ಗೆ ಧಡಧಡ ಸದ್ದಾಯಿತು. ನೋಡಿದರೆ ಮೇಡಂ ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದಾರೆ. ನೇರ ನನ್ನ ಕೋಣೆಗೆ ಬಂದು ಎರಡು ಮಂಚಗಳ ನಡುವೆ ಇಟ್ಟು ಕೂತರು.

"ಇನ್ನು ನಾನು ಇಲ್ಲೇ. ನೀನು ಕೈ ಹಿಡ್ಕೋ, ನಾನು ಮಾತಾಡ್ತೀನಿ."

"ಇಲ್ಲಿ ಜಾಗ ಎಲ್ಲಿದೆ ಮೇಡಂ? ಯಂತ್ರ ಎಳೆಯೋಕೇ ಆಗಲ್ಲ" ಎಂದೆ.

"ಆ ಯಂತ್ರಾನ ಮೇಲಿನ ರೂಮಿಗೆ ಹಾಕು. ಅದಕ್ಕೆ ಯಾರೂ ಹೆದರಲ್ಲ" ಎಂದರು.

ಯಂತ್ರ ಮೇಲೆ ಹೋಗಲಿಲ್ಲ, ಕುರ್ಚಿಯೂ ಹೋಗಲಿಲ್ಲ. ಅಡ್ಡಾಡುವಾಗ ನನ್ನ ಮೊಣಕಾಲಿಗೆ ದಿನಾ ಕುರ್ಚಿಯ ಕಾಲು ತಗಲುತ್ತಿತ್ತು. ರೋಗಿಗಳೇ ನಮಗೆ ಹೆಸರಿಟ್ಟರು. ನಾನು ‘ಕೈಕಾಲ್ ಮೇಡಮ್ಮು’, ಅವರು ‘ಮಾತಿನ್ ಮೇಡಮ್ಮು’.

ಅವರ ಕನ್ನಡದಲ್ಲಿ ಲಿಂಗ ತಪ್ಪುತ್ತಿತ್ತು. "ನಿಮ್ಮ ನೋವು ಇವತ್ತು ಎಲ್ಲಿ ಕೂತಿದಾನೆ?" ಎಂದು ಕೇಳುತ್ತಿದ್ದರು. ಮೊದಮೊದಲು ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆಮೇಲೆ ಅವರೂ ಹಾಗೇ ಹೇಳತೊಡಗಿದರು: "ಇವತ್ತು ಸೊಂಟ್ದಾಗೆ ಕುಂತವ್ನೆ ಮೇಡಂ, ಮೇಲಕ್ಕೇ ಏಳ್ವಲ್ಲ." ಯಾರೋ ಕರೆಯದೆ ಬಂದ ನೆಂಟನ ಬಗ್ಗೆ ಮಾತಾಡಿದ ಹಾಗಿರುತ್ತಿತ್ತು. ಹಾಗೆ ಮಾತಾಡುವಾಗ ಅವರ ಭುಜ ಸ್ವಲ್ಪ ಸಡಿಲವಾಗುವುದು ನನ್ನ ಕೈಗೆ ತಿಳಿಯುತ್ತಿತ್ತು.

ಆ ಕೋಣೆಯಲ್ಲಿ ಅವರು ನಿಷೇಧಿಸಿದ್ದ ಮಾತು ಒಂದೇ, ‘ಏನೂ ಇಲ್ಲ’. ಒಮ್ಮೆ ನಾನು ಒಬ್ಬ ಹೆಂಗಸಿಗೆ ಧೈರ್ಯ ಹೇಳಲೆಂದು "ಮೂಳೆ ಎಲ್ಲ ಚೆನ್ನಾಗಿದೆಯಮ್ಮ, ಏನೂ ಇಲ್ಲ" ಎಂದುಬಿಟ್ಟೆ. ಆಕೆ ಹೋದ ಮೇಲೆ ಮೇಡಂ ನನ್ನ ಕಡೆ ತಿರುಗಿದರು.

"ಮೂಳೆ ಚೆನ್ನಾಗಿದೆ ಅನ್ನು, ಸರಿ. ಏನೂ ಇಲ್ಲ ಅನ್ನಬೇಡ. ಅದು ಈ ರೂಮಲ್ಲಿ ಕೆಟ್ಟ ಬೈಗುಳ. ಅವರಿಗೆ ಎಲ್ಲ ಕಡೆ ಅದನ್ನೇ ಬೈದು ಕಳಿಸಿದಾರೆ."

ಜೂಜುವಾಡಿಯಿಂದ ಒಬ್ಬ ಲಾರಿ ಮೆಕ್ಯಾನಿಕ್ ಬರುತ್ತಿದ್ದ. ಎತ್ತಿನಂಥ ಮೈಕಟ್ಟು, ಆದರೆ ಬೆಳಿಗ್ಗೆ ಸ್ಪ್ಯಾನರ್ ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ಇದು ಹೆಂಗಸರಿಗೆ ಬರುವ ಕಾಯಿಲೆ ಎಂದು ಯಾರೋ ಹೇಳಿದ್ದರಿಂದ ಅವನಿಗೆ ನಾಚಿಕೆ. ಮಂಚದ ಮೇಲೆ ಬೋರಲು ಮಲಗಿ, ಮುಖ ಇಡುವ ತೂತಿನಲ್ಲಿ ನೆಲ ನೋಡುತ್ತಾ ಮಾತ್ರ ಮಾತಾಡುತ್ತಿದ್ದ. ಅವನ ದನಿ ಕೇಳಿಸುತ್ತಿಲ್ಲವೆಂದು ಮೇಡಂ ಕುರ್ಚಿ ಬಿಟ್ಟು ನೆಲಕ್ಕೆ ಇಳಿದರು. ಮಂಚದ ಕಾಲಿಗೆ ಒರಗಿ, ಬಿಳಿ ಬೂಟಿನ ಕಾಲು ಉದ್ದಕ್ಕೆ ಚಾಚಿ ಕೂತರು. ನಾನು ಅವನ ಬೆನ್ನಿನ ಮೇಲೆ ಕೆಲಸ ಮಾಡುತ್ತಿದ್ದೆ. ಅವನು ನೆಲಕ್ಕೆ ತನ್ನ ಕಥೆ ಹೇಳುತ್ತಿದ್ದ. ನೆಲದ ಮೇಲೆ ಇವರು ಹೂಂಗುಡುತ್ತಿದ್ದರು. ಆಚೆಯಿಂದ ಬಂದ ನರ್ಸು ನೋಡಿ, ಮೇಡಂ ಬಿದ್ದುಬಿಟ್ಟರೆಂದು ಕಿರುಚಿದಳು.

ಮುನಿರತ್ನಮ್ಮ ನಮ್ಮಲ್ಲಿಗೆ ಬಂದಾಗ ಮೂವತ್ತರ ಆಸುಪಾಸು. ಒಂದು ಕಂಪನಿಯಲ್ಲಿ ಸಣ್ಣ ಸಣ್ಣ ಬಿಡಿಭಾಗ ಜೋಡಿಸುವ ಲೈನಿನಲ್ಲಿದ್ದಳು. ನೋವು ತಡೆಯಲಾಗದೆ ಕೆಲಸ ಬಿಟ್ಟಿದ್ದಳು. ಮನೆಯಲ್ಲಿ ಸ್ವಲ್ಪ ಹೊಲ, ಚೆಂಡುಹೂವು, ಕೋಸು. ಗಂಡ ವೆಂಕಟೇಶ ಫ್ಯಾಕ್ಟರಿಯಲ್ಲಿ ಫಿಟ್ಟರ್, ಒಳ್ಳೆಯವನೇ. ಹೆಂಡತಿಯನ್ನು ಬೆಂಗಳೂರಿನವರೆಗೆ ಸ್ಕ್ಯಾನಿಗೆ ಕರೆದುಕೊಂಡು ಹೋಗಿದ್ದ, ತಾಯಿತ ಕಟ್ಟಿಸಿದ್ದ. ಎಲ್ಲ ಮುಗಿದ ಮೇಲೆ ಅವನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಉಳಿದಿತ್ತು. ಅದನ್ನು ಅವನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಅವನ ತಾಯಿ ಕೇಳುತ್ತಿದ್ದಳು: "ಹೊಲ್ದಾಗೆ ಕೆಲ್ಸ ಬಂದಾಗ್ಲೇ ಯಾಕೆ ನೋವ್ ಬತ್ತದೆ?" ಕಾಯಿಲೆಯ ಹೆಸರು ಕೇಳಿ ಬಂದ ದಿನ ಆಕೆ ಬೀದಿಯಲ್ಲೆಲ್ಲ, "ನಮ್ ಸೊಸೇಗೆ ಅದೆಂತದೋ ಪೈಬರ್ ಮೈಲಿಗೆ ಅಂತೆ" ಎಂದು ಹೇಳಿಕೊಂಡು ಬಂದಿದ್ದಳಂತೆ.

ಮುನಿರತ್ನಮ್ಮನ ಮೈ ಮುಟ್ಟಿದರೆ ಸಾಕು, ಹೌಹಾರುತ್ತಿದ್ದಳು. ಬಳೆ ಹಾಕುತ್ತಿರಲಿಲ್ಲ. ರವಿಕೆಯ ಹೊಲಿಗೆ ಒತ್ತಿದರೂ ನೋವು. ನಾನು ಭುಜ ನೋಡುತ್ತಿದ್ದಾಗ ಮೇಡಂ ಕೇಳಿದರು:

"ಕೊನೇ ಸಲ ಯಾರ ಮೇಲೆ ಕೋಪ ಬಂದಿತ್ತಮ್ಮ ನಿನಗೆ?"

ಮುನಿರತ್ನಮ್ಮ ನನ್ನ ಕೈ ಸರಿಸಿ ಎದ್ದು ಕೂತಳು. "ಯಾಕೆ ಕೇಳ್ತಾ ಇದೀರಾ? ನೋವಿಗೂ ಕೋಪುಕ್ಕೂ ಏನ್ ಸಂಬಂದ? ನಂಗೆ ಹುಚ್ಚು ಅಂತೀರ ಅಲ್ವಾ ನೀವೂ? ಊರಾಗಿರೋರು ಸಾಲ್ದು ಅಂತ ಇಲ್ಲೀಗಂಟ ಬಂದು ಕೇಳ್ಕಬೇಕಾ?"

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ರೋಗಿಗಳು ಬಿಟ್ಟುಹೋಗುವುದು ನಮಗೆ ಹೊಸದಲ್ಲ. ಆದರೆ ಮೇಡಂ ಆ ಎರಡು ವಾರ ಫ್ಯಾನಿಗೂ ಬೈಯಲಿಲ್ಲ. ಒಂದು ಮಧ್ಯಾಹ್ನ ಬಂದು, "ನಿನ್ನ ಸ್ಕೂಟರಲ್ಲಿ ಪೆಟ್ರೋಲ್ ಇದೆಯಾ?" ಎಂದರು. ನಾವಿಬ್ಬರೂ ತೊರಪಲ್ಲಿ ದಾಟಿ ಅವಳ ಹಳ್ಳಿಗೆ ಹೋದೆವು. ಹಿಂದೆ ಕೂತ ಅವರ ಸೀರೆ ಚಕ್ರಕ್ಕೆ ಸಿಗದಂತೆ ನೋಡಿಕೊಳ್ಳುವುದೇ ನನಗೆ ಕೆಲಸವಾಯಿತು.

ಮುನಿರತ್ನಮ್ಮ ಮನೆಯ ಮುಂದೆ ನೆರಳಿನಲ್ಲಿ ಚೆಂಡುಹೂವು ಆರಿಸುತ್ತಿದ್ದಳು. ನಮ್ಮನ್ನು ಕಂಡು ಮುಖ ಬಿಗಿಯಿತು. ಆದರೂ ಚಾಪೆ ಹಾಸಿದಳು. ಅತ್ತೆ ಬಾಗಿಲಲ್ಲಿ ನಿಂತಳು. ಮೇಡಂ ಚಾಪೆಯ ಮೇಲೆ ಕಷ್ಟಪಟ್ಟು ಕೂತು, ಅತ್ತೆಗೂ ಕೇಳುವಂತೆ ತಮ್ಮ ದೊಡ್ಡ ದನಿಯಲ್ಲೇ ಹೇಳಿದರು:

"ನಾನು ಅವತ್ತು ತಪ್ಪು ಕೇಳಿದೆ. ಮೊದಲು ಹೇಳಬೇಕಾದ್ದನ್ನ ಹೇಳಲಿಲ್ಲ. ನಿನ್ನ ನೋವು ನಿಜ. ನೀನು ನಾಟಕ ಮಾಡ್ತಿಲ್ಲ. ನಿನಗೆ ಹುಚ್ಚಿಲ್ಲ. ಇಷ್ಟು ಹೇಳೋಕೆ ಬಂದೆ."

ಮುನಿರತ್ನಮ್ಮ ಹೂವು ಆರಿಸುವುದನ್ನು ನಿಲ್ಲಿಸಿದ್ದಳು. ಬಾಗಿಲಲ್ಲಿದ್ದ ಅತ್ತೆ, "ನಿಜ ಆದ್ರೆ ಪಿಲ್ಮ್‌ನಾಗೆ ಯಾಕ್ ಕಾಣ್ಸಲ್ಲ?" ಎಂದಳು.

ಮೇಡಂ ಸುತ್ತ ನೋಡಿದರು. ಹೊಲದ ಅಂಚಿನಲ್ಲಿ, ಮತ್ತಿಮರದ ಮೇಲೆ ಒಂದು ಅಟ್ಟಣೆ ಕಟ್ಟಿದ್ದರು. ಸಾನಮಾವು ಕಾಡಿನಿಂದ ಆನೆಗಳು ರಾಗಿಗೆ ಬರುವ ಕಡೆ ಅದು. "ಅಲ್ಲಿ ಯಾರು ಕಾಯ್ತಾರೆ?" ಎಂದರು.

"ನಮ್ಮೆಜಮಾನ್ರು ಇರೋಗಂಟ ಅವ್ರೇ ಕಾಯ್ತಿದ್ರು" ಎಂದಳು ಅತ್ತೆ. "ಒಂದ್ ಸಲ ಆನೆ ಅಟ್ಟಣೆ ಬುಡಕ್ಕೇ ಬಂದ್ಬುಟ್ಟಿತ್ತು. ಆಮೇಕೆ ಇಲಿ ಓಡಾಡುದ್ರೂ ತಮಟೆ ಬಡ್ಯೋರು. ಊರ್ ಮಂದೀನೆಲ್ಲ ಎಬ್ಬಿಸ್ಬುಡೋರು."

"ಅವರು ಸುಳ್ಳು ಹೇಳ್ತಿದ್ರಾ?"

"ಸುಳ್ಯಾಕೆ ಹೇಳ್ತಾರೆ? ಜೀವ ಹೆದ್ರಿತ್ತು."

"ಇವಳ ಮೈಯೊಳಗೂ ಅಂಥ ಕಾವಲುಗಾರ ಒಬ್ಬ ಇದಾನೆ" ಎಂದರು ಮೇಡಂ. "ಹೆದರಿಬಿಟ್ಟಿದಾನೆ. ನಿದ್ದೆ ಇಲ್ಲ. ಇಲಿ ಬಂದರೂ ಆನೆ ಅಂತ ಬಡೀತಾನೆ. ತಮಟೆ ಸದ್ದು ಫೋಟೋದಲ್ಲಿ ಬೀಳುತ್ತಾ? ಅವನನ್ನ ಬೈದರೆ ಇನ್ನೂ ಜೋರಾಗಿ ಬಡೀತಾನೆ. ಅವನಿಗೆ ನಿದ್ದೆ ಬರಿಸಬೇಕು. ಇದು ಇಲಿ, ಇದು ಗಾಳಿ ಅಂತ ನಿಧಾನಕ್ಕೆ ಕಲಿಸಬೇಕು. ಕೈಕಾಲು ಆಡಿಸಿ ಕಲಿಸೋದು ಇವಳ ಕೆಲಸ" ಎಂದು ನನ್ನನ್ನು ತೋರಿಸಿದರು. "ಮಾತಾಡಿ ಕಲಿಸೋದು ನಂದು. ಮಿಕ್ಕಿದ್ದು ನಿಮ್ಮದು."

ಅತ್ತೆ ಒಳಗೆ ಹೋಗಿ ಮಜ್ಜಿಗೆ ತಂದಳು. ನಾವು ಹೊರಡುವಾಗ ಮುನಿರತ್ನಮ್ಮ ಸ್ಕೂಟರಿನವರೆಗೂ ಬಂದಳು.

"ಕೋಪ ಯಾರ್ ಮೇಲೂ ಇಲ್ಲ ಮೇಡಂ" ಎಂದಳು. "ನನ್ ಮಗ್ಳು ನನ್ ತಾವ ಬರಲ್ಲ. ಅದೇ ಒಂದು."

ಮಗಳು ಕಾವ್ಯ, ಆಗ ಎರಡನೇ ಕ್ಲಾಸು. ಶಾಲೆಯಿಂದ ಬಂದವಳು ಓಡಿಬಂದು ತಾಯಿಯ ಮೇಲೆ ಬೀಳುತ್ತಿದ್ದಳು. ತಾಯಿ ನೋವಿಗೆ ಕಿರುಚಿ ತಳ್ಳುತ್ತಿದ್ದಳು. ಹೀಗೆ ಹಲವು ಸಲ ಆದ ಮೇಲೆ ಹುಡುಗಿ ಬರುವುದನ್ನೇ ಬಿಟ್ಟಿತು. ಅಜ್ಜಿಯ ಪಕ್ಕ ಮಲಗುತ್ತಿತ್ತು. ತಾಯಿ ನಡೆದು ಬರುತ್ತಿದ್ದರೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಳ್ಳುತ್ತಿತ್ತು. "ನಾನೇನೋ ಸುಡೋ ಒಲೆ ಅನ್ನೋ ಹಂಗೆ" ಎಂದಳು ಮುನಿರತ್ನಮ್ಮ.

ವಾಪಸು ಬರುವಾಗ ಮೇಡಂ ಸ್ಕೂಟರಿನ ಹಿಂದಿನಿಂದ ನನ್ನ ಕಿವಿಯಲ್ಲಿ ಕೂಗಿದರು: "ಜಡೆ ಹೆಣೆಯೋಕೆ ಭುಜ ಎಷ್ಟು ಎತ್ತಬೇಕು?"

"ಕೂತ ಮಗುವಿಗಾದರೆ ಎದೆಯ ಮಟ್ಟ ಸಾಕು. ನಿಂತಿದ್ದರೆ ಇನ್ನೂ ಸ್ವಲ್ಪ" ಎಂದೆ.

"ಹಾಗಾದರೆ ಆ ಮಗುವನ್ನೂ ಕರೆಸು."

ನಮ್ಮ ಚಿಕಿತ್ಸೆ ಎಂದರೆ ಜಡೆ ಹೆಣೆಸುವುದಷ್ಟೇ ಅಲ್ಲ. ಮುನಿರತ್ನಮ್ಮ ಮನೆಯಿಂದ ಬೋರ್‌ವೆಲ್ಲಿನವರೆಗೆ ನಡೆಯಬೇಕಿತ್ತು. ಮೈ ಹಗುರವಾಗಿರುವ ದಿನವೂ ಅಷ್ಟೇ, ಭಾರವಾಗಿರುವ ದಿನವೂ ಅಷ್ಟೇ. ಅವಳ ಅಭ್ಯಾಸ ಬೇರೆಯೇ ಆಗಿತ್ತು. ನೋವು ಕಡಿಮೆಯಾದ ದಿನ ಮನೆಯ ಬಟ್ಟೆಯೆಲ್ಲ ಒಗೆದು, ಹೊಲಕ್ಕೂ ಹೋಗಿ, ನಾನು ಸೋಮಾರಿಯಲ್ಲ ಎಂದು ಅತ್ತೆಗೆ ತೋರಿಸುವುದು. ಆಮೇಲೆ ದಿನಗಟ್ಟಲೆ ಮಲಗುವುದು. "ನಿನಗೆ ಕೆಟ್ಟ ದಿನದ ಭಯ ಬೇಡ. ಒಳ್ಳೇ ದಿನದ ಭಯ ಇರಲಿ" ಎಂದು ಮೇಡಂ ಗದರುತ್ತಿದ್ದರು. ಮಲಗುವ ಮುಂಚೆ ಉಸಿರಾಡುವ ರೀತಿ ಕಲಿಸಿದರು. ನೋವು ಬಂದಾಗ ಅವಳ ತಲೆಯಲ್ಲಿ ಓಡುವ ಮಾತುಗಳನ್ನು ಒಂದೊಂದಾಗಿ ಹೊರಗೆ ತೆಗೆಸಿದರು. ‘ನಾನು ಹೀಗೇ ಹಾಸಿಗೆ ಹಿಡಿದುಬಿಡ್ತೀನಿ’ ಎಂಬುದು ಅದರಲ್ಲಿ ಮುಖ್ಯವಾದದ್ದು. ಅವಳು ಅದನ್ನು ಹೇಳುತ್ತಿದ್ದಂತೆ ನನ್ನ ಕೈಯಡಿಯ ಕುತ್ತಿಗೆ ಹಲಗೆಯಂತಾಗುತ್ತಿತ್ತು. ನಾನು ಮೇಡಂಗೆ ಕಣ್ಣಲ್ಲೇ ತಿಳಿಸುತ್ತಿದ್ದೆ. ಅವರು ಅಲ್ಲೇ ನಿಲ್ಲಿಸಿ, "ನಿನ್ನೆ ಬೋರ್‌ವೆಲ್ ತನಕ ಹೋದೆಯಲ್ಲ, ಹಾಸಿಗೆ ಹಿಡಿದವಳು ಹೋಗ್ತಾಳಾ?" ಎನ್ನುತ್ತಿದ್ದರು. ಕೈಯೂ ಮಾತೂ ಒಂದೇ ಕೋಣೆಯಲ್ಲಿರುವುದು ಯಾಕೆ ಬೇಕಿತ್ತೆಂದು ನನಗೆ ಅರ್ಥವಾದದ್ದು ಆಗ.

ವೆಂಕಟೇಶನನ್ನೂ ಮೇಡಂ ಒಂದು ದಿನ ಕೂರಿಸಿಕೊಂಡರು. ಅವನು ಎಲ್ಲ ಫಿಲ್ಮುಗಳ ಚೀಲವನ್ನೂ ತಂದಿದ್ದ. "ಒಂದ್ರಾಗೂ ಏನೂ ಕಾಣ್ತಿಲ್ಲ ಮೇಡಂ. ನಾವು ಮಿಷಿನ್ ನೋಡೋ ಜನ. ಎಲ್ ಕೆಟ್ಟದೆ ಅಂತ ಗೊತ್ತಾಗ್ದೇ ಹೋದ್ರೆ ಹೆಂಗೆ ನಂಬೋದು?" ಎಂದ.

"ಬೆಳಿಗ್ಗೆ ತಿಂಡಿ ತಿಂದ್ಯಾ?" ಎಂದರು.

"ಇಲ್ಲ. ಷಿಪ್ಟ್ ಮುಗಿಸ್ಕಂಡು ಹಂಗೇ ಬಂದೆ."

"ಹಸಿವಾಗಿದೆಯಾ?"

"ಆಗದೆ."

"ಯಾವ ಫಿಲ್ಮಲ್ಲಿದೆ ತೋರಿಸು ನೋಡೋಣ."

ವೆಂಕಟೇಶ ನಕ್ಕುಬಿಟ್ಟ. ಮೇಡಂ ತಮ್ಮ ಕೈಚೀಲದಿಂದ ಹುರಿಗಡಲೆ ತೆಗೆದು ಅವನ ಅಂಗೈಗೆ ಹಾಕಿದರು. ಆ ದಿನದಿಂದ ಅವನು ಸಂಜೆ ಹೊತ್ತು ಬೋರ್‌ವೆಲ್ಲಿನವರೆಗೆ ಹೆಂಡತಿಯ ಜೊತೆ ನಡೆಯತೊಡಗಿದ. ಊರಿನವರು ಹೊಸ ಜೋಡಿ ಎಂದು ರೇಗಿಸಿದರಂತೆ.

ಮಗುವಿನ ವಿಷಯ ಇಷ್ಟು ಸುಲಭವಾಗಲಿಲ್ಲ. ಕಾವ್ಯ ನಮ್ಮ ಕೋಣೆಗೆ ಬಂದು ಬಾಗಿಲ ಹತ್ತಿರವೇ ನಿಂತಳು. ತಾಯಿಯ ಹತ್ತಿರ ಹೋಗು ಎಂದರೆ ತಲೆಯಾಡಿಸಿದಳು. "ಅಮ್ಮಂಗೆ ನೋವಾತದೆ" ಎಂದಳು, ದೊಡ್ಡವರಿಗೆ ತಿಳಿಹೇಳುವಂತೆ. ಮುನಿರತ್ನಮ್ಮ ಗೋಡೆ ಕಡೆ ತಿರುಗಿಕೊಂಡಳು. ಮೇಡಂ ಮಗುವನ್ನು ಒತ್ತಾಯಿಸಲಿಲ್ಲ. ತಮ್ಮ ಕುರ್ಚಿಯಲ್ಲಿ ತಾಯಿಯನ್ನು ಕೂರಿಸಿ, ಮುಂದೆ ಒಂದು ಗಿಡ್ಡ ಸ್ಟೂಲಿಟ್ಟು, "ಅಮ್ಮ ನಿನ್ನ ಮುಟ್ಟಲಿ. ನೀನು ಅಮ್ಮನ್ನ ಮುಟ್ಟೋದು ಬೇಡ. ಆಯ್ತಾ?" ಎಂದರು. ಹುಡುಗಿ ಯೋಚಿಸಿ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಳು.

ನಾನು ಮುನಿರತ್ನಮ್ಮನ ಮೊಣಕೈಗಳ ಕೆಳಗೆ ದಿಂಬಿಟ್ಟೆ. ಅವಳು ಮಗಳ ಕೂದಲನ್ನು ಎರಡು ಭಾಗ ಮಾಡಿದಳು. ಒಂದು ಕಡೆಯದನ್ನು ಹೆಣೆದಳು. ನಡುವೆ ನಿಲ್ಲಿಸಿ ಉಸಿರು ತೆಗೆದುಕೊಂಡು ಮತ್ತೆ ಹೆಣೆದಳು. ಇನ್ನೊಂದು ಕಡೆಗೆ ಕೈ ಚಾಚಿದಾಗ ಮೇಡಂ ತಡೆದರು.

"ಸಾಕು. ಅದನ್ನ ಅಜ್ಜಿ ಹಾಕಲಿ."

ಹಾಗಾಗಿ ಆ ಹುಡುಗಿ ಬಹಳ ದಿನ ಅಮ್ಮ ಹಾಕಿದ ಒಂದು ಜಡೆ, ಅಜ್ಜಿ ಹಾಕಿದ ಒಂದು ಜಡೆಯೊಂದಿಗೆ ಶಾಲೆಗೆ ಹೋಗುತ್ತಿದ್ದಳು. ಅಜ್ಜಿಯದು ಬಿಗಿಯಾಗಿ ಹಗ್ಗದಂತೆ, ಅಮ್ಮನದು ಸಡಿಲವಾಗಿ ಮಧ್ಯಾಹ್ನಕ್ಕೇ ಬಿಚ್ಚಿಹೋಗುವಂತೆ. ಟೀಚರು ಕೇಳಿದಾಗ, "ಎಳ್ಡೂ ಒಬ್ರೇ ಹಾಕಂಗಿಲ್ಲ, ಮಾತಿನ್ ಮೇಡಮ್ಮು ಹೇಳವ್ರೆ" ಎಂದಿದ್ದಳಂತೆ.

ಅತ್ತೆಯೂ ಇದರಲ್ಲಿ ಸೇರಿಕೊಂಡದ್ದು ಮೇಡಂ ಲೆಕ್ಕಾಚಾರವೋ ಆಕಸ್ಮಿಕವೋ ನನಗೆ ತಿಳಿಯದು. ಕೇಳಿದರೆ ಅವರು ಹೇಳುತ್ತಿರಲಿಲ್ಲ. ಬೆಳಗಿನ ಹೊತ್ತು ಮೂವರೂ ಒಂದೇ ಕಡೆ ಕೂರಬೇಕಾಗಿ ಬಂತು, ಮಾತು ತಾನಾಗಿ ಬಂತು.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಮುನಿರತ್ನಮ್ಮ ಮತ್ತೆ ಬಿದ್ದಳು. ಮಳೆಗಾಲ, ಬಳಗದಲ್ಲಿ ಒಂದು ಸಾವು, ನಿದ್ದೆಗೆಟ್ಟ ರಾತ್ರಿಗಳು. ಹಾಸಿಗೆಯಿಂದ ಏಳಲಾಗದಷ್ಟು ನೋವು. ವೆಂಕಟೇಶ ಅವಳನ್ನು ಆಟೋದಲ್ಲಿ ತಂದು ಮಂಚದ ಮೇಲೆ ಮಲಗಿಸಿದ. ಅವಳು ಕಣ್ಣು ತೆರೆಯದೆ, "ಎಲ್ಲ ಹಾಳಾಯ್ತು. ಮೊದ್ಲಿಂದ ಸುರು ಮಾಡಕ್ಕೆ ನನ್ ಕೈಲಾಗಲ್ಲ" ಎಂದಳು.

ಮೇಡಂ ಏನಾದರೂ ಸಮಾಧಾನ ಹೇಳುತ್ತಾರೆಂದು ನಾನು ಕಾದೆ. ಅವರು ಹೇಳಿದ್ದು: "ನೋವು ಮತ್ತೆ ಬರ್ತಾನೆ ಅಂತ ನನಗೆ ಗೊತ್ತಿತ್ತು. ನಿನಗೆ ಹೇಳಿದ್ದೆ. ಮುಂದೆಯೂ ಬರ್ತಾನೆ. ಮೊದಲಿಂದ ಶುರುಮಾಡೋದು ಅಂತ ಇಲ್ಲ. ಕಲಿತಿದ್ದು ಎಲ್ಲಿಗೂ ಹೋಗಲ್ಲ." ಆಮೇಲೆ ನನಗೆ, "ಇವತ್ತು ಕಾಲ್ಬೆರಳು ಮಾತ್ರ ಆಡಿಸು" ಎಂದರು. ಅಂದು ನಾವು ಮಾಡಿದ್ದು ಅಷ್ಟೇ. ಅವಳು ಅಳುತ್ತಲೇ ಕಾಲ್ಬೆರಳು ಆಡಿಸಿದಳು. ಮರುದಿನ ಪಾದ. ವಾರ ಕಳೆದ ಮೇಲೆ ಬೋರ್‌ವೆಲ್ಲಿನ ಅರ್ಧ ದಾರಿ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮುನಿರತ್ನಮ್ಮ ನಮ್ಮ ಕೋಣೆಗೆ ಬಂದು, ಮಂಚ ಹತ್ತದೆ ನಿಂತುಕೊಂಡೇ ಹೇಳಿದಳು: "ರಾತ್ರಿ ಕಾವ್ಯ ನನ್ ಮ್ಯಾಲೆ ಕಾಲಾಕ್ಕಂಡು ಮಲ್ಗಿದ್ಲು ಮೇಡಂ."

"ನೋವಾಯ್ತಾ?" ಎಂದೆ ನಾನು.

"ಆಯ್ತು. ನಾನ್ ಎಬ್ಬಿಸ್ಲಿಲ್ಲ."

ಮೇಡಂ ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಕ್ಯಾಂಟೀನಿನ ಕಡೆಯಿಂದ ಟೀ ಆರಿಹೋಗಿದೆಯೆಂದು ತಮಿಳಿನಲ್ಲಿ ಬೈಯುವುದು ಕೇಳಿಸಿತು.

ಅವರ ಬಗ್ಗೆ ನನಗೆ ತಿಳಿದದ್ದು ಕಡಿಮೆ. ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಹೋಗುತ್ತಿದ್ದರು. ಒಮ್ಮೆ ಆಸ್ಪತ್ರೆಯ ಸ್ಟಾಪು ಬಿಟ್ಟು, ಜೂಜುವಾಡಿ ದಾಟಿ, ಅತ್ತಿಬೆಲೆಯಲ್ಲಿ ಎಚ್ಚರಾಗಿ, "ಇವತ್ತು ಕರ್ನಾಟಕಕ್ಕೆ ಹೋಗಿದ್ದೆ" ಎಂದು ತಡವಾಗಿ ಬಂದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೇರೆಯವರ ಮನಸ್ಸಿನೊಳಗಿನದನ್ನು ಹೊರಗೆ ತೆಗೆಯುವವರು ತಮ್ಮ ಬಗ್ಗೆ ಮಾತು ಬಂದರೆ ಹುರಿಗಡಲೆ ಪೊಟ್ಟಣ ಮುಂದೆ ಹಿಡಿಯುತ್ತಿದ್ದರು.

ಕೆಲವು ವರ್ಷಗಳ ಮೇಲೆ ಹಿರಿಯ ಡಾಕ್ಟರು ನಿವೃತ್ತರಾದರು. ಆಸ್ಪತ್ರೆಯ ಆಡಳಿತ ಬದಲಾಯಿತು. ಒಬ್ಬ ರೋಗಿಗೆ ಒಂದೇ ಹೊತ್ತಿನಲ್ಲಿ ಇಬ್ಬರು ಯಾಕೆ, ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕೋಣೆಯಲ್ಲಿ ನೋಡಿದರೆ ಇನ್ನಷ್ಟು ಜನರನ್ನು ನೋಡಬಹುದಲ್ಲ ಎಂದು ಹೊಸಬರು ಕೇಳಿದರು. ಅವರು ಕೇಳಿದ್ದು ಅನ್ಯಾಯವೇನಲ್ಲ. ಹೊರಗೆ ಜನ ಕಾಯುತ್ತಿದ್ದದ್ದು ನಿಜ. ಮೇಡಂ ಆಡಳಿತದವರ ಕೋಣೆಗೆ ಹೋಗಿ ವಾದಿಸಿದ್ದು ಔಷಧಿ ಅಂಗಡಿಯ ಸಾಲಿನಲ್ಲಿದ್ದವರಿಗೂ ಕೇಳಿಸಿತು. "ಒಬ್ಬ ಹೆಂಗಸಿನ ತಲೆಯನ್ನ ಮೇಲಿನ ಮಹಡಿಗೆ, ಭುಜವನ್ನ ಕೆಳಗಿನ ಮಹಡಿಗೆ ಕಳಿಸೋದು ಹೇಗೆ, ನೀವೇ ಹೇಳಿ!" ಆದರೂ ಕುರ್ಚಿ ಮೇಲೆ ಹೋಯಿತು. ಈ ಸಲ ಅದನ್ನು ಎತ್ತಿಕೊಂಡು ಹೋದದ್ದು ವಾರ್ಡಿನ ಆಳು.

ಮೇಲೆ ಹತ್ತುವವರು ಮೊದಲಿನಂತೆಯೇ ಕಡಿಮೆ. ಕೆಲವು ತಿಂಗಳು ಇದ್ದು, ಒಂದು ಶನಿವಾರ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಊರಿಗೆ ಹೋಗ್ತೀನಿ. ಅಕ್ಕ ಒಬ್ಬಳೇ ಇದಾಳೆ" ಎಂದರು. ನಾನು ಊಟಕ್ಕೆ ಕರೆದೆ. ಬರಲಿಲ್ಲ. ನಾನೂ ಆಮೇಲೆ ಬಾಗಲೂರು ರಸ್ತೆಯಲ್ಲಿ ಸ್ವಂತ ಕ್ಲಿನಿಕ್ಕು ಹಾಕಿದೆ. ಅಲ್ಲಿ ಮಾತಿನವರು ಬೇರೆ ಇಲ್ಲ. ಮೈಯೆಲ್ಲ ನೋವು ಎಂದು ಬಂದವರನ್ನು ಕೇಳಬೇಕಾದ್ದನ್ನು ನಾನೇ ಕೇಳುತ್ತೇನೆ. ಅವರಷ್ಟು ಚೆನ್ನಾಗಿ ಬರುವುದಿಲ್ಲ, ಕೇಳುತ್ತೇನೆ.

ಸುದ್ದಿ ತಿಳಿದ ಮೇಲಿನ ಭಾನುವಾರ ಮುನಿರತ್ನಮ್ಮ ಮತ್ತು ನಾನು ಅವರ ಊರಿಗೆ ಹೋದೆವು. ಮುನಿರತ್ನಮ್ಮನ ನೋವು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಒಂದು ನರ್ಸರಿಯಲ್ಲಿ ಸಸಿ ಎಣಿಸಿ ಕಳಿಸುವ ಕೆಲಸ ಮಾಡುತ್ತಾಳೆ. ಬೇಕಾದಾಗ ಎದ್ದು ಓಡಾಡಬಹುದು. ಕಾವ್ಯ ಈಗ ಕಾಲೇಜು. ಕೃಷ್ಣಗಿರಿಯಲ್ಲಿ ಬಸ್ಸಿಳಿದು, "ಚೂರ್ ನಡ್ದು ಬತ್ತೀನಿ ಇರಿ, ಕಾಲ್ ಹಿಡ್ಕಂಡದೆ" ಎಂದು ಸ್ಟ್ಯಾಂಡಿನಲ್ಲಿ ಸುತ್ತು ಹಾಕಿ ಬಂದಳು. ಅಲ್ಲಿಂದ ಇನ್ನೊಂದು ಬಸ್ಸು. ಇಳಿದು ಮಾವಿನ ತೋಪಿನ ಪಕ್ಕದಲ್ಲಿ ನಡಿಗೆ.

ಅವರ ಅಕ್ಕ ಬಾಗಿಲಲ್ಲೇ ಕೂತಿದ್ದರು. ತಂಗಿಗಿಂತ ಗಿಡ್ಡ, ಮುಖ ಮಾತ್ರ ಅದೇ. ಹೊಸೂರಿನಿಂದ ಬಂದೆವೆಂದಾಗ ಆಶ್ಚರ್ಯಪಟ್ಟು, ಒಳಗೆ ಕರೆದು ಕೂರಿಸಿದರು. ಅವರಿಗೆ ಕನ್ನಡ ಬಾರದು, ತೆಲುಗಿನಲ್ಲೇ ಮಾತಾಡಿದೆವು. ಮನೆಯಲ್ಲಿ ತಂಗಿ ಮಾತೇ ಆಡುತ್ತಿರಲಿಲ್ಲ ಎಂದರು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವುದು, ಹಸುವಿಗೆ ಹುಲ್ಲು ಹಾಕುವುದು, ಜಗಲಿಯಲ್ಲಿ ಕೂರುವುದು.

"ನಮ್ಮನೇಲಿ ಎಲ್ಲರಿಗಿಂತ ಹೆಚ್ಚು ಓದಿದವಳು ಅವಳೇ. ಅಲ್ಲಿ ಆಸ್ಪತ್ರೆಯಲ್ಲಿ ಇವಳದ್ದು ಏನು ಕೆಲಸ?" ಎಂದು ಕೇಳಿದರು. "ಎಷ್ಟು ಸಲ ಕೇಳಿದ್ರೂ ಸರಿಯಾಗಿ ಹೇಳಲಿಲ್ಲ. ಡಾಕ್ಟರಲ್ಲ ಅಂತಿದ್ಲು. ನರ್ಸೂ ಅಲ್ಲ ಅಂತಿದ್ಲು."

ನಾನು ಮನೋವಿಜ್ಞಾನ, ದೀರ್ಘಕಾಲದ ನೋವು ಎಂದೆಲ್ಲ ವಿವರಿಸಲು ತೊಡಗಿದೆ. ಅಕ್ಕನ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಗ ಮುನಿರತ್ನಮ್ಮ ತನ್ನ ಹರಕು ತೆಲುಗಿನಲ್ಲಿ ಹೇಳಿದಳು:

"ನಾನು ಹೇಳಿದ್ದನ್ನ ನಂಬ್ತಿದ್ರು ಅಕ್ಕಾ. ಅದೇ ಅವ್ರ ಕೆಲ್ಸ."

"ಅಷ್ಟಕ್ಕೆ ಸಂಬಳ ಕೊಡ್ತಾರಾ?"

"ಕೊಡ್ತಿದ್ರು" ಎಂದೆ.

ಅಕ್ಕನಿಗೆ ನಗು ಬಂತು.

"ಹಾಗಾದ್ರೆ ಸರಿಯಾದ ಕೆಲಸವೇ ಸಿಕ್ಕಿತ್ತು ಬಿಡು ಅವಳಿಗೆ. ಚಿಕ್ಕಂದಿನಲ್ಲೂ ಹಾಗೇ. ಯಾರು ಏನು ಹೇಳಿದ್ರೂ ನಂಬೋಳು. ಮಾವಿನ ಮರದಲ್ಲಿ ಹುಲಿ ಕೂತಿದೆ ಅಂದ್ರೂ ನಂಬೋಳು, ಹೋಗಿ ನೋಡ್ತಾನೇ ಇರಲಿಲ್ಲ. ನಾವೆಲ್ಲ ಸೇರಿ ಎಷ್ಟು ಏಮಾರಿಸ್ತಿದ್ವಿ ಅವಳನ್ನ..."

ನಗುತ್ತಲೇ ಇದ್ದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.